ಮುದಿ ಕ್ಯಾಮೆರಾ ಮರಳಿ ಕಣ್ದೆರೆಯುವ ಬಗೆ

1945ನೆಯ ಇಸವಿಯ ಫೆಬ್ರವರಿ 23ರಂದು ಪೆಸಿಫಿಕ್ ಸಾಗರದ ಇವೊ ಜಿಮಾ ಎಂಬ ಸಣ್ಣ ದ್ವೀಪದ ಬೆಟ್ಟದ ತುದಿಯಲ್ಲಿ ಅಮೆರಿಕದ ಆರು ಮಂದಿ ಯೋಧರು ಧ್ವಜವೊಂದನ್ನು ಎತ್ತಿ ನಿಲ್ಲಿಸಿದರು. ಜೋ ರೋಸೆಂತಾಲ್ ಎಂಬ ಪತ್ರಿಕಾ ಛಾಯಾಗ್ರಾಹಕರು ಸೆಕೆಂಡಿನ ನಾನೂರರಲ್ಲಿ ಒಂದು ಪಾಲಿನಷ್ಟು ಕಾಲ ಕ್ಯಾಮೆರಾದ ಕಿಂಡಿಯನ್ನು ತೆರೆದು ಆ ನೋಟವನ್ನು ಹಿಡಿದರು. ಚಿತ್ರವು ಸರಿಯಾಗಿ ಬಂದಿತೋ ಇಲ್ಲವೋ ಎಂಬುದು ಅವರಿಗೇ ತಿಳಿಯದು. ಫಿಲ್ಮನ್ನು ದೂರದ ಗುವಾಮ್ ದ್ವೀಪಕ್ಕೆ ಕಳುಹಿಸಿ ಅಲ್ಲಿ ಸಂಸ್ಕರಿಸಬೇಕಾಗಿತ್ತು. ಮುಂದೆ ಆ ಚಿತ್ರ ಲೋಕವಿಖ್ಯಾತವಾಯಿತು. ಆ ಕ್ಷಣದಲ್ಲಿ ಕ್ಯಾಮೆರಾದ ಒಂದು ಅಂಗ ಕೈಕೊಟ್ಟಿದ್ದರೂ ಜಗತ್ತಿಗೆ ಆ ಚಿತ್ರ ದಕ್ಕುತ್ತಿರಲಿಲ್ಲ.

ಅವರ ಕೈಯಲ್ಲಿದ್ದ ಕ್ಯಾಮೆರಾದ ಹೆಸರು ಸ್ಪೀಡ್ ಗ್ರಾಫಿಕ್. ಅಮೆರಿಕದ ರಾಚೆಸ್ಟರ್ ನಗರದಲ್ಲಿ 1912ರಲ್ಲಿ ಇದರ ಮೊದಲ ಮಾದರಿ ಹೊರಬಿದ್ದಿತು. 1940ರಲ್ಲಿ 'ಆನಿವರ್ಸರಿ' ಎಂಬ ಮಾದರಿಯೂ 1947ರಲ್ಲಿ 'ಪೇಸ್‌ಮೇಕರ್' ಎಂಬ ಮಾದರಿಯೂ ಬಂದುವು. 1973ರಲ್ಲಿ ಗ್ರಾಫ್ಲೆಕ್ಸ್ ಕಂಪನಿಯೇ ಮುಚ್ಚಿತು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕರೆಂದು ಹೆಸರಾದ ಹೋಮಾಯ್ ವ್ಯಾರಾವಾಲಾ ಅವರು (1913–2012) ಬಳಸಿದ ಕ್ಯಾಮೆರಾಗಳಲ್ಲಿ ಇದೂ ಒಂದು. ಮೂರು ಕಿಲೋಗ್ರಾಮಿನ ಹತ್ತಿರ ತೂಗುವ ಈ ಪೆಟ್ಟಿಗೆಯನ್ನು ಸೀರೆಯುಟ್ಟ ಆ ಮಹಿಳೆ ದಿಲ್ಲಿಯ ಸಮಾರಂಭಗಳಲ್ಲಿ ಹೊತ್ತು ತಿರುಗಿದರೆಂಬುದನ್ನು ನೆನೆದರೆ ಬೆರಗಾಗುತ್ತದೆ.

ಇಷ್ಟು ಭಾರವನ್ನು ಹೊತ್ತುದಕ್ಕೆ ಪ್ರತಿಫಲವೇನು? ಇದರ ಫಿಲ್ಮು ಸುರುಳಿಯಲ್ಲ, ಒಂದೊಂದೂ ಬಿಡಿ ಹಾಳೆ. ಅಗಲ 4 ಅಂಗುಲ, ಉದ್ದ 5 ಅಂಗುಲ. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಇದರ ವಿಸ್ತೀರ್ಣ ಸುಮಾರು ಹದಿನೈದು ಪಟ್ಟು ಹೆಚ್ಚು. ಅಷ್ಟೇ ಪ್ರಮಾಣದಲ್ಲಿ ವಿವರಗಳೂ ಹೆಚ್ಚು.

ಇಂಥ ಕ್ಯಾಮೆರಾಗಳು ಇಂದು ಹಳೆಯ ಸ್ಟುಡಿಯೋಗಳ ಅಟ್ಟಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಸಿಗುವುದುಂಟು. ಕೆಲವರು ಅವನ್ನು ತಂದು ತಿಕ್ಕಿ ಹೊಳಪೇರಿಸಿ ಬೈಠಕ್‌ಖಾನೆಯಲ್ಲಿ ಇಡುತ್ತಾರೆ. ಮತ್ತೆ ಕೆಲವರು ಒಳಗೆ ಬಲ್ಬು ಸಿಕ್ಕಿಸಿ ಮೇಜಿನ ದೀಪ ಮಾಡುತ್ತಾರೆ! ಇದು ಅನ್ಯಾಯ. ಫ್ಲಾಶ್ ದೀಪದ ಜೋಡಣೆಯನ್ನು ಬಿಟ್ಟರೆ ಈ ಯಂತ್ರಕ್ಕೆ ವಿದ್ಯುತ್ತಿನ ಹಂಗಿಲ್ಲ. ಮರದ ಪೆಟ್ಟಿಗೆ, ಮಡಿಕೆಯ ತಿದಿ, ಗಾಜಿನ ಮಸೂರ, ಉಕ್ಕಿನ ಸ್ಪ್ರಿಂಗುಗಳು: ಇವೆಲ್ಲವೂ ಕಣ್ಣಿಗೆ ಕಾಣುವಂಥವು, ಕೈಗೆ ಎಟಕುವಂಥವು. ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಸಲಕರಣೆಗಳಿಂದಲೇ ಇದರ ಬಹುಪಾಲು ಪರೀಕ್ಷೆಗಳನ್ನು ಮಾಡಬಹುದು.

ಕ್ಯಾಮೆರಾ ಕೈಗೆ ಬಂದ ಕೂಡಲೇ ಫಿಲ್ಮು ತುಂಬಿ ಚಿತ್ರ ತೆಗೆದುನೋಡೋಣವೆಂಬ ಆತುರ ಸಹಜವೇ. ಆದರೆ ಅದರಿಂದ ಪ್ರಯೋಜನವಿಲ್ಲ. ಚಿತ್ರವು ಬೂದುಬಣ್ಣಕ್ಕೆ ತಿರುಗಿ ಮಸುಕಾಗಿ ಬಂದಿತೆನ್ನಿ. ತಿದಿಯಲ್ಲಿ ತೂತು ಇದ್ದಿತೆ? ಮಸೂರದ ಮೇಲೆ ಮಂಜು ಕವಿದಿದ್ದಿತೆ? ಷಟರು ನಿಧಾನವಾಗಿ ಮುಚ್ಚಿತೆ? ಬಿಂಬವೇ ತಪ್ಪು ಜಾಗದಲ್ಲಿ ಬಿದ್ದಿತೆ? ಫಿಲ್ಮು ಎಲ್ಲ ದೋಷಗಳನ್ನೂ ಕೂಡಿಸಿ ಒಂದೇ ಮೊತ್ತವನ್ನು ಬರೆದಿಡುತ್ತದೆ. ಮೊತ್ತದಿಂದ ಲೆಕ್ಕದ ಬಾಬುಗಳನ್ನು ಹಿಂದಕ್ಕೆ ಬಿಡಿಸುವುದು ಅಸಾಧ್ಯ. ಆದ್ದರಿಂದ ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ಪ್ರಶ್ನಿಸಬೇಕು. ಫಿಲ್ಮನ್ನು ಎಲ್ಲಕ್ಕಿಂತ ಕಡೆಗೆ ಹಾಕಬೇಕು.

ಮೊದಲು ತಿದಿ. ಮಸೂರಕ್ಕೂ ಫಿಲ್ಮಿಗೂ ನಡುವೆ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯಂತೆಯೇ ಹಿಗ್ಗಿ ಕುಗ್ಗುವ ಮಡಿಕೆಯ ಕೊಳವೆಯಿದೆಯಷ್ಟೆ. (ಈ ಹೋಲಿಕೆ ಬರಿಯ ಅಲಂಕಾರವಲ್ಲ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬವರು 'ವಾಗೀಶ್ವರಿ' ಎಂಬ ಮರದ ಕ್ಯಾಮೆರಾವನ್ನು ನಿರ್ಮಿಸಿದರು. ಅವರ ಮನೆತನದ ಕಸುಬು ಸಂಗೀತವಾದ್ಯಗಳನ್ನು ಮಾಡುವುದು, ರಿಪೇರಿ ಮಾಡುವುದು.) ವರ್ಷಗಟ್ಟಲೆ ಮಡಚಿಕೊಂಡೇ ಇದ್ದ ತಿದಿಯು ಮಡಿಕೆಯ ಮೂಲೆಗಳಲ್ಲಿ ಸವೆದು, ಅಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಪರೀಕ್ಷೆ ಸುಲಭ. ರಾತ್ರಿ ಕತ್ತಲೆಯ ಕೋಣೆಯಲ್ಲಿ ತಿದಿಯನ್ನು ಪೂರ್ತಿ ಎಳೆದು, ಒಳಗೆ ಸಣ್ಣ ಟಾರ್ಚನ್ನು ಬೆಳಗಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಹತ್ತು ನಿಮಿಷ ಕಾದು, ಸುತ್ತಲೂ ನೋಡಬೇಕು. ತೂತುಗಳಿದ್ದರೆ ನಕ್ಷತ್ರಗಳಂತೆ ಮಿನುಗುವುವು.

'ಇಷ್ಟು ಸಣ್ಣ ತೂತಿನಿಂದ ಏನಾದೀತು?' ಎನ್ನುವವರಿಗೆ ಒಂದು ಲೆಕ್ಕ. ತೂತಿನ ವ್ಯಾಸ ಅರ್ಧ ಮಿಲಿಮೀಟರು, ಅಲ್ಲಿಂದ ಫಿಲ್ಮಿಗೆ 150 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಛಾಯಾಗ್ರಾಹಕರ ಭಾಷೆಯಲ್ಲಿ ಅದು ಎಫ್/300ರ ಕಿಂಡಿ. ಚಿತ್ರವನ್ನು ನಾವು ಎಫ್/16ರ ಕಿಂಡಿಯಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲು ಕಾಲ ತೆಗೆಯುತ್ತೇವೆ. ಬೆಳಕು ಈ ಸಂಖ್ಯೆಗಳ ವರ್ಗಕ್ಕೆ ವಿಲೋಮವಾಗಿರುವುದರಿಂದ ತೂತಿನ ಬೆಳಕು ಮಸೂರದ ಬೆಳಕಿನ 350ರಲ್ಲಿ ಒಂದು ಪಾಲು ಮಾತ್ರ. ಆದರೆ ಮಸೂರ ತೆರೆದಿರುವುದು ನೂರನೆಯ ಒಂದು ಸೆಕೆಂಡು; ತೂತು ಮುಚ್ಚುವುದೇ ಇಲ್ಲ. ಫಿಲ್ಮಿನ ಮುಂದಿರುವ ಡಾರ್ಕ್ ಸ್ಲೈಡ್ ಎಂಬ ಕಪ್ಪು ಹಲಗೆಯನ್ನು ಎಳೆದು, ಗಾಳಿ ನಿಲ್ಲಲೆಂದು ಒಂದು ನಿಮಿಷ ಕಾದರೆ ತೂತಿನ ಬೆಳಕು 6,000 ಪಟ್ಟು ಹೆಚ್ಚು ಕಾಲ ಬೀಳುತ್ತದೆ. 6,000ವನ್ನು 350ರಿಂದ ಭಾಗಿಸಿದರೆ ಸುಮಾರು 17. ಚಿತ್ರದ ಬೆಳಕಿಗಿಂತ ತೂತಿನ ಬೆಳಕೇ ಹದಿನೇಳು ಪಟ್ಟು! ಪಕ್ಕದಿಂದ ಓರೆಯಾಗಿ ಬೀಳುವುದರಿಂದ ಇದು ಎಷ್ಟೋ ಕಡಿಮೆಯಾಗಬಹುದು. ಆದರೂ ಹಾಳೆಯನ್ನು ಕೆಡಿಸಲು ಧಾರಾಳವಾಗಿ ಸಾಕು.

ತೂತುಗಳು ಒಂದೆರಡೇ ಆಗಿದ್ದರೆ ತೆಳುವಾದ ಕಪ್ಪು ಬಟ್ಟೆಯ ಚೂರನ್ನು ಸೈಕಲ್ ಪಂಕ್ಚರಿಗೆ ಹಚ್ಚುವ ಸಲ್ಯೂಷನ್ನಿನಿಂದ ಒಳಗಡೆ ಅಂಟಿಸಬಹುದು. ತೇಪೆ ದಪ್ಪವಾದರೆ ತಿದಿ ಮಡಚಿಕೊಳ್ಳದು ಎಂಬುದು ನೆನಪಿರಲಿ. ಒಣಗುವ ಮೊದಲೇ ಮಡಚಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂಲೆಮೂಲೆಗೂ ತೂತು ಬಿದ್ದಿದ್ದರೆ ತೇಪೆಯ ಆಸೆ ಬಿಟ್ಟು ಹೊಸ ತಿದಿಯನ್ನೇ ಕೂಡಿಸುವುದು ಲೇಸು.

ಇನ್ನು ಮಸೂರ. 1940ರ ದಶಕದ ಸ್ಪೀಡ್ ಗ್ರಾಫಿಕ್‌ಗಳಲ್ಲಿ ಕೊಡಕ್ ಕಂಪನಿಯ 127 ಮಿಲಿಮೀಟರ್ ಸಂಗಮದೂರದ ಎಕ್ಟಾರ್ ಮಸೂರ ಹೆಚ್ಚಾಗಿ ಕಾಣಸಿಗುತ್ತದೆ. ಅದರ ವಯಸ್ಸನ್ನು ಅದರ ಮೈಮೇಲೆಯೇ ಓದಬಹುದೆಂಬುದೊಂದು ಸ್ವಾರಸ್ಯ. ಕ್ರಮಸಂಖ್ಯೆಯ ಮೊದಲಿಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. 'ಕ್ಯಾಮೆರಾಸಿಟಿ' ಎಂಬ ಹುಟ್ಟಿಸಿದ ಪದದಲ್ಲಿ ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ ಎಂಬ ಹತ್ತು ಅಕ್ಷರಗಳಿವೆ. ಅವಕ್ಕೆ ಕ್ರಮವಾಗಿ 1ರಿಂದ 9, ಕಡೆಯದಕ್ಕೆ 0 ಎಂದು ಬೆಲೆ. 'ಇ, ಓ' ಎಂದಿದ್ದರೆ 4 ಮತ್ತು 6. ಎಂದರೆ ಆ ಮಸೂರ 1946ರದು.

ಹಳೆಯ ಮಸೂರವನ್ನು ಕೊಳ್ಳುವವರು ಗೀರುಗಳಿಗೆ ಹೆದರುತ್ತಾರೆ, ಮಂಜನ್ನು ಗಮನಿಸುವುದಿಲ್ಲ. ಆಗಬೇಕಾದದ್ದು ಇದರ ವಿರುದ್ಧ. ಎಫ್/4.7ರಲ್ಲಿ ಈ ಮಸೂರದ ಕಿಂಡಿಯ ವ್ಯಾಸ 27 ಮಿಲಿಮೀಟರು, ವಿಸ್ತೀರ್ಣ ಸುಮಾರು 570 ಚದರ ಮಿಲಿಮೀಟರು. ಹತ್ತು ಮಿಲಿಮೀಟರ್ ಉದ್ದದ, ಕೂದಲೆಳೆ ಅಗಲದ ಗೀರೊಂದು ಅದರಲ್ಲಿ ಒಂದು ಚದರ ಮಿಲಿಮೀಟರನ್ನು ಮಾತ್ರ ಕೆಡಿಸುತ್ತದೆ; ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಮಂಜಾದರೋ ಇಡೀ ಮೇಲ್ಮೈಯನ್ನು ಕವಿದು ಬೆಳಕನ್ನು ಎಲ್ಲ ಕಡೆಗೂ ಚೆದರಿಸುತ್ತದೆ. ಆಗ ಕಪ್ಪು ಕಪ್ಪಾಗಿ ಉಳಿಯದೆ, ಚಿತ್ರವೆಲ್ಲ ಬೂದಿ ಬಳಿದಂತಾಗುತ್ತದೆ. ಮಸೂರವನ್ನು ಪೂರ್ತಿ ತೆರೆದಿಟ್ಟು ಹಿಂದಿನಿಂದ ಟಾರ್ಚು ಹಿಡಿದು ಓರೆಯಾಗಿ ನೋಡಿದರೆ ಮಂಜು ಹಾಲಿನಂತೆಯೂ ಬೂಷ್ಟು ಜೇಡರಬಲೆಯಂತೆಯೂ ಎದ್ದು ತೋರುವುವು. ಮಲೆನಾಡಿನ ಮಳೆಗಾಲವನ್ನೂ ಕರಾವಳಿಯ ತೇವವನ್ನೂ ಕಂಡ ಮಸೂರಗಳಲ್ಲಿ ಬೂಷ್ಟು ಸಾಮಾನ್ಯ. ಎಕ್ಟಾರಿನ ಮುಂದಿನ ಮತ್ತು ಹಿಂದಿನ ಭಾಗಗಳು ಷಟರಿನಿಂದ ತಿರುಚಿ ಬಿಚ್ಚುವಂತಿವೆ. ಮಂಜು ಕೂರುವುದು ಬಹುಮಟ್ಟಿಗೆ ಒಳಮುಖಗಳಲ್ಲಿಯೇ ಆದ್ದರಿಂದ ಇದೊಂದು ದೊಡ್ಡ ಅನುಕೂಲ. ಮೊದಲು ಧೂಳನ್ನು ಊದಿ, ಆಮೇಲೆ ಮಸೂರಕ್ಕೆಂದೇ ಇರುವ ಕಾಗದವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ನೆನೆಸಿ, ಒತ್ತದೆ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಬೇಕು. ಬೂಷ್ಟು ಗಾಜನ್ನೇ ಕೊರೆದಿದ್ದರೆ ಆ ಕಲೆ ಹೋಗದು.

ಈಗ ಷಟರು. ಸ್ಪೀಡ್ ಗ್ರಾಫಿಕ್‌ಗೆ ಎರಡು ಷಟರುಗಳು. ಒಂದು ಮಸೂರದ ನಡುವೆ ಇರುವ ಎಲೆಗಳ ಷಟರು, ಇನ್ನೊಂದು ಫಿಲ್ಮಿನ ಮುಂದೆ ಓಡುವ ಪರದೆ. ಒಂದನ್ನು ಬಳಸುವಾಗ ಇನ್ನೊಂದು ತೆರೆದಿರಲೇಬೇಕು. ಇದನ್ನು ಅರಿಯದೆ ಕ್ಯಾಮೆರಾ ಕೆಟ್ಟಿದೆಯೆಂದು ಗುಜರಿಗೆ ಹಾಕಿದವರೂ ಇದ್ದಾರು!

ಎಲೆಗಳ ಷಟರಿನಲ್ಲಿ ಒಂದು ಸೆಕೆಂಡು, ಅರ್ಧ ಸೆಕೆಂಡುಗಳಂಥ ನಿಧಾನ ಕಾಲಗಳನ್ನು ಅಳೆಯುವುದು ಗಡಿಯಾರದೊಳಗಿನಂಥ ಹಲ್ಲುಚಕ್ರಗಳ ಒಂದು ಪುಟ್ಟ ಸಾಲು. ಅಲ್ಲಿನ ಎಣ್ಣೆ ದಶಕಗಳಲ್ಲಿ ಅಂಟಾಗುತ್ತದೆ. ಷಟರು ಮುಲುಗುತ್ತ, ಕೆಲವೊಮ್ಮೆ ನಡುದಾರಿಯಲ್ಲಿಯೇ ನಿಂತುಬಿಡುತ್ತದೆ. ಇದನ್ನು ಕಂಡವರಿಗೆ ಇನ್ನಷ್ಟು ಎಣ್ಣೆ ಬಿಡೋಣವೆನಿಸುತ್ತದೆ. ಕೂಡದು. ಎಣ್ಣೆ ಎಲೆಗಳಿಗೆ ಹರಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಲೆಗಳು ಒಣಗಿಯೇ ಇರಬೇಕು. ಮಸೂರದ ಭಾಗಗಳನ್ನು ಬಿಚ್ಚಿ ಬೇರೆ ಇಟ್ಟು, ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರದಲ್ಲಿ, ನ್ಯಾಫ್ತಾದಿಂದ ಹಳೆಯ ಜಿಡ್ಡನ್ನು ತೊಳೆಯುವುದು ರೂಢಿ. ಚಕ್ರಗಳ ಸಾಲನ್ನು ಕಳಚುವ ಕೆಲಸ ಮಾತ್ರ ಕೈಗಡಿಯಾರದ ರಿಪೇರಿ ಬಲ್ಲವರದು.

ತೊಳೆದ ಮೇಲೆ ಷಟರು ನಿಜ ನುಡಿಯುತ್ತಿದೆಯೇ ಎಂದು ಅಳೆಯಬೇಕು. ನಿಧಾನ ಕಾಲಗಳಿಗೆ ಗ್ರಾಮಫೋನು ಸಾಕು. ನಿಮಿಷಕ್ಕೆ 33⅓ ಸುತ್ತು ಹಾಕುವ ತಟ್ಟೆ ಸೆಕೆಂಡಿಗೆ ಸರಿಯಾಗಿ 200 ಡಿಗ್ರಿ ತಿರುಗುತ್ತದೆ. ಅದರ ಮೇಲೆ ಬಿಳಿಯ ಗೆರೆಯೊಂದನ್ನು ಅಂಟಿಸಿ ಹತ್ತನೆಯ ಒಂದು ಸೆಕೆಂಡಿನ ಚಿತ್ರ ತೆಗೆದರೆ ಗೆರೆಯು 20 ಡಿಗ್ರಿಯ ಬೀಸಣಿಗೆಯಾಗಬೇಕು. ಆದರೆ ಇದಕ್ಕೆ ಚಿತ್ರ ತೆಗೆಯಲೇಬೇಕಾಗುತ್ತದೆ. ಫಿಲ್ಮಿಲ್ಲದ ಉಪಾಯ ಇನ್ನೊಂದಿದೆ. ಹಳೆಯ ಕ್ಯಾಲ್ಕುಲೇಟರಿನಲ್ಲಿರುವಂಥ ಸಣ್ಣ ಸೌರಕೋಶವನ್ನು ಕಂಪ್ಯೂಟರಿನ ಮೈಕ್ರೊಫೋನ್ ತೂತಿಗೆ ಜೋಡಿಸಿ ಷಟರಿನ ಹಿಂದೆ ಇಟ್ಟು, ಮುಂದೆ ಟಾರ್ಚು ಹಿಡಿದು, ಧ್ವನಿಮುದ್ರಣ ಆರಂಭಿಸಿ ಷಟರನ್ನು ಹಾರಿಸಬೇಕು. ಆ ತೂತು ಬದಲಾಗುವ ವೋಲ್ಟೇಜನ್ನಷ್ಟೇ ಒಳಗೆ ಬಿಡುವುದರಿಂದ, ತೆರೆದಾಗ ಒಂದು ಮೊನೆ, ಮುಚ್ಚಿದಾಗ ಎದುರು ದಿಕ್ಕಿಗೆ ಇನ್ನೊಂದು ಮೊನೆ ಪರದೆಯ ಮೇಲೆ ಮೂಡುವುವು. ಮೊನೆಯಿಂದ ಮೊನೆಗಿರುವ ಅಂತರವೇ ಕಾಲ. ಕಂಪ್ಯೂಟರು ಸೆಕೆಂಡಿಗೆ 44,100 ಬಾರಿ ಅಳೆಯುವುದಾದರೆ ನೂರನೆಯ ಒಂದು ಸೆಕೆಂಡಿನಲ್ಲಿ 441 ಅಳತೆಗಳಾಗುತ್ತವೆ. ನಮ್ಮ ಕೆಲಸಕ್ಕೆ ಬೇಕಾದುದಕ್ಕಿಂತ ಇದು ಹೆಚ್ಚೇ ನಿಖರ.

ಇಲ್ಲಿ ಒಂದು ಸೂಕ್ಷ್ಮವಿದೆ. ಷಟರನ್ನು ಇಪ್ಪತ್ತು ಸಲ ಹಾರಿಸಿದರೆ ಜಿಡ್ಡು ಸಡಿಲಗೊಂಡು ಅದು ಚುರುಕಾಗುತ್ತದೆ. ಇಪ್ಪತ್ತೊಂದನೆಯ ಅಳತೆ ಸರಿಯಾಗಿಯೇ ಬರುತ್ತದೆ. ಆದರೆ ಈ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವವನು ಹಾರಿಸುವುದು ಒಂದೇ ಸಲ. ಆದಕಾರಣ ರಾತ್ರಿಯೆಲ್ಲ ಸುಮ್ಮನಿದ್ದು ಬೆಳಿಗ್ಗೆ ಮೊದಲ ಸಲ ಹಾರಿಸಿದಾಗ ಬರುವ ಅಳತೆಯೇ ನಂಬತಕ್ಕದ್ದು. ನೂರನೆಯ ಒಂದು ಸೆಕೆಂಡೆಂದು ಬರೆದಿರುವಲ್ಲಿ 10 ಮಿಲಿಸೆಕೆಂಡಿನ ಬದಲು 14 ಬಂದಿತೆನ್ನಿ. ಅದು ಕಿಂಡಿಯ ಲೆಕ್ಕದಲ್ಲಿ ಅರ್ಧ ಮೆಟ್ಟಿಲಿನ ವ್ಯತ್ಯಾಸ. ಪ್ರತಿ ಸಲವೂ 14 ಬರುವುದಾದರೆ ಚಿಂತೆಯಿಲ್ಲ, ನಿಜವಾದ ಕಾಲವನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾದ ಹಿಂಬದಿಗೆ ಅಂಟಿಸಿಕೊಂಡರಾಯಿತು. ಒಮ್ಮೆ 10, ಒಮ್ಮೆ 18 ಬಂದರೆ ಅದು ಇನ್ನೂ ರೋಗಿಯೇ.

ಪರದೆಯ ಷಟರಿನ ಮಾತು ಬೇರೆ. ರಬ್ಬರು ಲೇಪಿಸಿದ ಉದ್ದನೆಯ ಬಟ್ಟೆಯಲ್ಲಿ ಸೀಳುಕಿಂಡಿಗಳಿವೆ. ಸ್ಪ್ರಿಂಗಿನ ಬಲದಿಂದ ಬಟ್ಟೆಯು ಫಿಲ್ಮಿನ ಮುಂದೆ ಓಡುವಾಗ ಕಿಂಡಿಯು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತ ಹೋಗುತ್ತದೆ. ಕಿಂಡಿ 3 ಮಿಲಿಮೀಟರು, ಕಾಲ ಸಾವಿರದ ಒಂದು ಸೆಕೆಂಡು ಎಂದರೆ ಪರದೆಯ ವೇಗ ಸೆಕೆಂಡಿಗೆ 3 ಮೀಟರು. 100 ಮಿಲಿಮೀಟರ್ ಫಿಲ್ಮನ್ನು ದಾಟಲು ಅದಕ್ಕೆ ಸುಮಾರು ಮೂವತ್ತನೆಯ ಒಂದು ಸೆಕೆಂಡು ಹಿಡಿಯುತ್ತದೆ. ಫಿಲ್ಮಿನ ಪ್ರತಿ ಬಿಂದುವಿಗೂ ಬೆಳಕು ಬೀಳುವುದು ಸಾವಿರದ ಒಂದು ಸೆಕೆಂಡೇ, ಆದರೆ ಮೇಲಂಚಿಗೂ ಕೆಳಂಚಿಗೂ ಬೀಳುವ ಗಳಿಗೆ ಒಂದೇ ಅಲ್ಲ. 1910ರ ದಶಕದಲ್ಲಿ ಫ್ರಾನ್ಸಿನ ಲಾರ್ತೀಗ್ ತೆಗೆದ ಓಟದ ಕಾರಿನ ಪ್ರಸಿದ್ಧ ಚಿತ್ರದಲ್ಲಿ ಚಕ್ರಗಳು ಮುಂದಕ್ಕೆ ವಾಲಿದ ಮೊಟ್ಟೆಗಳಂತೆ ಕಾಣುವುದು ಇಂಥ ಷಟರಿನಿಂದಲೇ. ಹಳೆಯ ಕ್ಯಾಮೆರಾದಲ್ಲಿ ಈ ಬಟ್ಟೆ ಬಿರುಸಾಗಿ ಬಿರುಕು ಬಿಟ್ಟಿರುವುದುಂಟು. ಆಗ ಅದನ್ನು ಬಲವಂತದಿಂದ ಓಡಿಸಬಾರದು, ಬಿಗಿದ ಸ್ಪ್ರಿಂಗನ್ನು ಬಿಚ್ಚಲೂ ಬಾರದು. ಪರದೆಯನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸಿ ಎಲೆಗಳ ಷಟರಿನಿಂದಲೇ ಕೆಲಸ ನಡೆಸಬಹುದು. ಇದೇ ಕಂಪನಿಯ 'ಕ್ರೌನ್ ಗ್ರಾಫಿಕ್' ಪರದೆಯೇ ಇಲ್ಲದೆ ತಯಾರಾದ ಕ್ಯಾಮೆರಾ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಹೆಚ್ಚು ಮಂದಿ ಎಡವುವುದು ಇಷ್ಟೆಲ್ಲ ಮುಗಿದ ಮೇಲೆ, ಯಾರೂ ಸಂಶಯಪಡದ ಒಂದು ಸ್ಥಳದಲ್ಲಿ. ಕ್ಯಾಮೆರಾದ ಹಿಂಬದಿಯಲ್ಲಿ ಮಬ್ಬು ಗಾಜೊಂದಿದೆ. ಅದರ ಮೇಲೆ ಬಿದ್ದ ತಲೆಕೆಳಗಾದ ಬಿಂಬವನ್ನು ಸ್ಫುಟಗೊಳಿಸಿ, ಆಮೇಲೆ ಫಿಲ್ಮಿನ ಹೋಲ್ಡರನ್ನು ಅದರ ಜಾಗಕ್ಕೆ ತೂರಿಸುತ್ತೇವೆ. ಎಂದರೆ, ಗಾಜಿನ ಒರಟು ಮುಖ ಎಲ್ಲಿತ್ತೋ ಫಿಲ್ಮಿನ ಮುಖ ಅಲ್ಲಿಯೇ ಬಂದು ಕೂರಬೇಕು. ಈ ಒರಟು ಮುಖ ಮಸೂರದ ಕಡೆಗಿರಬೇಕು; ಒಡೆದ ಗಾಜನ್ನು ಬದಲಿಸಿದವರು ಅದನ್ನು ತಿರುಗಿಸಿ ಕೂಡಿಸಿರುವುದು ಅಪರೂಪವಲ್ಲ. ಹೋಲ್ಡರಿನ ಆನಿಕೆಯ ಅಂಚಿನಿಂದ ಫಿಲ್ಮಿನ ಮುಖಕ್ಕೆ ಸುಮಾರು 4.8 ಮಿಲಿಮೀಟರು ಆಳವಿರಬೇಕೆಂಬುದು ನಿಗದಿಯಾದ ಅಳತೆ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸಿನ ಬಾಲದಿಂದ ಈ ಆಳವನ್ನೂ ಗಾಜಿನ ಆಳವನ್ನೂ ಅಳೆದು ಹೋಲಿಸಿ ನೋಡಬಹುದು.

ಬಿಂಬ ಬೆಳ್ಳಗೆ ಕಾಣಲೆಂದು ಹಿಂದಿನ ಮಾಲೀಕನಾರೋ ಮಬ್ಬು ಗಾಜಿನ ಮುಂದೆ 1.5 ಮಿಲಿಮೀಟರ್ ದಪ್ಪದ ಫ್ರೆನೆಲ್ ಹಲಗೆಯನ್ನು ಸೇರಿಸಿದ್ದನೆನ್ನೋಣ. ಗಾಜು ಅಷ್ಟು ಹಿಂದೆ ಸರಿಯಿತು. ಹಲಗೆಯ ವಕ್ರೀಭವನಾಂಕ 1.5 ಆಗಿರುವುದರಿಂದ ಬಿಂಬವೂ ಅದರ ದಪ್ಪದ ಮೂರನೆಯ ಒಂದು ಪಾಲು, ಎಂದರೆ ಅರ್ಧ ಮಿಲಿಮೀಟರು ಹಿಂದೆ ಸರಿಯಿತು. ಉಳಿದ ತಪ್ಪು ಒಂದು ಮಿಲಿಮೀಟರು. 127 ಮಿಲಿಮೀಟರ್ ಮಸೂರದಿಂದ 2 ಮೀಟರು ದೂರದ ಮುಖವೊಂದನ್ನು ಸ್ಫುಟಗೊಳಿಸಿದರೆ ಫಿಲ್ಮಿನ ಮೇಲೆ ಸ್ಫುಟವಾಗಿ ಬರುವುದು 2.25 ಮೀಟರು ದೂರದ ವಸ್ತು. ಮುಖ ಮಸುಕು, ಹಿಂದಿನ ಗೋಡೆಯ ಸುಣ್ಣದ ಬಿರುಕು ಸ್ಪಷ್ಟ! ಎಫ್/4.7ರಲ್ಲಿ ಫಿಲ್ಮು ಅತ್ತಿತ್ತ ಅರ್ಧ ಮಿಲಿಮೀಟರಿನಷ್ಟು ಸರಿದಿದ್ದರೆ ಮಾತ್ರ ಕಣ್ಣಿಗೆ ತಿಳಿಯದು. ಎಫ್/22ಕ್ಕೆ ಕಿಂಡಿಯನ್ನು ಕಿರಿದುಮಾಡಿದರೆ 2 ಮಿಲಿಮೀಟರಿನ ತಪ್ಪೂ ಮುಚ್ಚಿಹೋಗುತ್ತದೆ. ಬಿಸಿಲಿನಲ್ಲಿ ಸೊಗಸಾದ ಚಿತ್ರ ಕೊಟ್ಟ ಕ್ಯಾಮೆರಾ ಮನೆಯೊಳಗೆ ಪ್ರತಿ ಸಲವೂ ಕೆಡಿಸುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ಈಗ ಬೆಳಕಿನ ಪರೀಕ್ಷೆಗೆ ಬರೋಣ. ಹಾಳೆ ಫಿಲ್ಮನ್ನು ಇಲ್ಫರ್ಡ್, ಕೊಡಕ್, ಫೋಮಾ ಮೊದಲಾದವು ಇಂದೂ ತಯಾರಿಸುತ್ತವೆ. ಆದರೆ ಅದರ ಬೆಲೆ ವಿದ್ಯಾರ್ಥಿಯ ಕೈಗೆ ಹಗುರವಲ್ಲ. ಚಿತ್ರ ಮುದ್ರಿಸುವ ಫೋಟೋ ಕಾಗದ ಅದಕ್ಕಿಂತ ಅಗ್ಗ. ಕೆಂಪು ದೀಪದಲ್ಲಿ ಕಣ್ಣಿಗೆ ಕಾಣುವಂತೆಯೇ ಅದನ್ನು ಕತ್ತರಿಸಿ ತುಂಬಬಹುದು. ಹೋಲ್ಡರಿನೊಳಗೆ ಜಾರುವಂತೆ 4×5 ಅಂಗುಲಕ್ಕಿಂತ ಒಂದೂವರೆ ಮಿಲಿಮೀಟರು ಕಡಿಮೆ ಕತ್ತರಿಸಬೇಕು. ಕಾಗದ ತುಂಬಿದ ಹೋಲ್ಡರನ್ನು ಮೊದಲು ಹಾಗೆಯೇ ಬಿಸಿಲಿನಲ್ಲಿಟ್ಟು ಸಂಸ್ಕರಿಸಿದರೆ ಹೋಲ್ಡರಿನ ದೋಷ ಗೊತ್ತಾಗುವುದು. ಆಮೇಲೆ ಕ್ಯಾಮೆರಾದಲ್ಲಿಟ್ಟು, ಮಸೂರಕ್ಕೆ ಮುಚ್ಚಳ ಹಾಕಿ, ಡಾರ್ಕ್ ಸ್ಲೈಡನ್ನು ಎಳೆದು, ಕ್ಯಾಮೆರಾವನ್ನು ಬಿಸಿಲಿಗೆ ಎಲ್ಲ ಕಡೆಯಿಂದಲೂ ತಿರುಗಿಸಬೇಕು. ಕಾಗದದ ಸಂವೇದನೆ ಸುಮಾರು 6, ಸಾಮಾನ್ಯ ಫಿಲ್ಮಿನದು 100. ಫಿಲ್ಮಿಗೆ ಒಂದು ನಿಮಿಷದ ಪರೀಕ್ಷೆಯಾದರೆ ಕಾಗದಕ್ಕೆ ಹದಿನಾರು ನಿಮಿಷ ಬೇಕು. ಒಂದೇ ನಿಮಿಷದಲ್ಲಿ ಬೆಳ್ಳಗೆ ಬಂದ ಕಾಗದ ಏನನ್ನೂ ರುಜುಪಡಿಸುವುದಿಲ್ಲ. ಕಡೆಗೆ, 2 ಮೀಟರು ದೂರದಲ್ಲಿ ವೃತ್ತಪತ್ರಿಕೆಯೊಂದನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಗುರುತಿಟ್ಟು, ಕಿಂಡಿಯನ್ನು ಪೂರ್ತಿ ತೆರೆದು ಬಿಸಿಲಿನಲ್ಲಿ ಐವತ್ತನೆಯ ಒಂದು ಸೆಕೆಂಡಿನ ಚಿತ್ರ. ಗುರುತಿನ ಸಾಲೇ ಎಲ್ಲಕ್ಕಿಂತ ಸ್ಫುಟವಾಗಿ ಬಂದಿದ್ದರೆ ಗಾಜೂ ಫಿಲ್ಮೂ ಒಂದೇ ಜಾಗದಲ್ಲಿವೆ.

ಇನ್ನು ನಿಜವಾದ ಫಿಲ್ಮನ್ನು ತುಂಬಬಹುದು. ಇದಕ್ಕೆ ಪೂರ್ಣ ಕತ್ತಲೆ ಬೇಕು, ಬೆರಳೇ ಕಣ್ಣು. ಹಾಳೆಯನ್ನು ಉದ್ದುದ್ದವಾಗಿ ಹಿಡಿದಾಗ ಅಂಚಿನ ಕಚ್ಚುಗಳು ಬಲಗಡೆಯ ಮೇಲಿನ ಮೂಲೆಯಲ್ಲಿ ಬೆರಳಿಗೆ ತಗುಲಿದರೆ ಬೆಳಕನ್ನು ಗ್ರಹಿಸುವ ಮುಖ ನಮ್ಮ ಕಡೆಗಿದೆಯೆಂದು ತಿಳಿಯಬೇಕು. ಡಾರ್ಕ್ ಸ್ಲೈಡಿನ ಬಿಳಿಯ ಅಂಚು ಹೊರಗಿದ್ದರೆ ಹಾಳೆ ಹೊಸದು, ಕಪ್ಪು ಅಂಚಿದ್ದರೆ ಚಿತ್ರ ತೆಗೆದದ್ದು. ಸಂಸ್ಕರಿಸಿ ಒಣಗಿಸಿದ ನೆಗೆಟಿವಿನಿಂದ ಚಿತ್ರ ಪಡೆಯಲು ದೊಡ್ಡದು ಮಾಡುವ ಯಂತ್ರವೇನೂ ಬೇಡ. ಫೋಟೋ ಕಾಗದದ ಮೇಲೆ ಅದನ್ನಿಟ್ಟು, ಕಿಟಕಿಯ ಗಾಜಿನ ಚೂರಿನಿಂದ ಒತ್ತಿ, ಬಲ್ಬನ್ನು ಕೆಲವು ಸೆಕೆಂಡು ಬೆಳಗಿಸಿದರೆ ಅಂಗೈಯಗಲದ ಚಿತ್ರ ಸಿದ್ಧ. ಎದುರು ಮನೆಯ ಚಿತ್ರವಾದರೆ ಮಾಡಿನ ಹೆಂಚುಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಎಣಿಸಬಹುದು.